ಈರುಳ್ಳಿ ಇಳಿದ ತಿಂಗಳು



2025ರ ಅಕ್ಟೋಬರ್ ತಿಂಗಳ ಚಿಲ್ಲರೆ ಹಣದುಬ್ಬರ ಶೇಕಡಾ 0.25 ಎಂದು ಕೇಂದ್ರದ ಅಂಕಿಅಂಶ ಸಚಿವಾಲಯ ಪ್ರಕಟಿಸಿತು. 2012ನ್ನು ಆಧಾರ ವರ್ಷವಾಗಿಟ್ಟುಕೊಂಡ ಗ್ರಾಹಕ ಬೆಲೆ ಸೂಚ್ಯಂಕದ ಸರಣಿಯಲ್ಲಿ ಅಷ್ಟು ಕಡಿಮೆ ಅಂಕಿ ಅದುವರೆಗೆ ಬಂದಿರಲಿಲ್ಲ. ಹಿಂದಿನ ವರ್ಷ ನೂರು ರೂಪಾಯಿಗೆ ಸಿಗುತ್ತಿದ್ದ ಸಾಮಾನಿಗೆ ಆ ತಿಂಗಳು ನೂರು ರೂಪಾಯಿ ಇಪ್ಪತ್ತೈದು ಪೈಸೆ, ಅಷ್ಟೇ. ಹಿರಿಯೂರಿನಲ್ಲಿ ಸಂತೆ ಮುಗಿಸಿ ಖಾಲಿ ಕೈಯಲ್ಲಿ ಬಸ್ಸು ಹತ್ತಿದವರಿಗೆ ಇದನ್ನು ಹೇಳುವುದು ಹೇಗೆ?

ಆ ಲೆಕ್ಕ ಸುಳ್ಳಲ್ಲ. ದೇಶದ 1,181 ಹಳ್ಳಿಗಳು, 1,114 ನಗರ ಮಾರುಕಟ್ಟೆಗಳಿಂದ ಪ್ರತಿ ತಿಂಗಳೂ ಧಾರಣೆ ತರಿಸಿ, ಒಂದೊಂದು ಸಾಮಾನಿಗೂ ಇಂತಿಷ್ಟು ತೂಕವೆಂದು ಕೊಟ್ಟು ಸರಾಸರಿ ತೆಗೆದದ್ದು. ಹಳ್ಳಿಯ ಬುಟ್ಟಿಯಲ್ಲಿ ನೂರಕ್ಕೆ 54 ಪಾಲು ತಿನ್ನುವ, ಕುಡಿಯುವ ಪದಾರ್ಥಗಳದೇ. ಆ ತಿಂಗಳು ತರಕಾರಿ ಬೆಲೆ ಹಿಂದಿನ ವರ್ಷಕ್ಕಿಂತ ಕಾಲು ಭಾಗಕ್ಕೂ ಹೆಚ್ಚು ಕುಸಿದಿತ್ತು. ಅಂಕಿಯನ್ನು ಕೆಳಕ್ಕೆ ಎಳೆದದ್ದರಲ್ಲಿ ಅದರ ಪಾಲು ದೊಡ್ಡದು.

ಕುಸಿದ ತರಕಾರಿಗಳಲ್ಲಿ ಈರುಳ್ಳಿಯೂ ಒಂದು. ನಮ್ಮ ಚಿತ್ರದುರ್ಗ ಈರುಳ್ಳಿ ಬೆಳೆಯುವ ಜಿಲ್ಲೆ. ದೆಹಲಿಯವರು ಸಮಾಧಾನಪಟ್ಟ ಆ ಇಳಿಕೆ ಇಲ್ಲಿನ ಹೊಲದ ಮನೆಗಳಲ್ಲಿ ಆದಾಯದ ಇಳಿಕೆಯಾಗಿತ್ತು. ಅದೇ ವರ್ಷ ಜನವರಿಯಲ್ಲಿ ಸರ್ಕಾರಿ ಬಸ್ಸಿನ ದರ ಶೇಕಡಾ 15 ಏರಿತ್ತು. ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಹೆಚ್ಚಾಗಿತ್ತು. ಮಾರುವುದು ಅಗ್ಗ, ಕೊಳ್ಳುವುದು ತುಟ್ಟಿ. ಇವೆರಡೂ ಒಂದೇ ಮನೆಯಲ್ಲಿ ಸೇರಿದಾಗ ಆಗುವ ಸಂಕಟವನ್ನು ಯಾವ ಸರಾಸರಿಯೂ ತೋರಿಸುವುದಿಲ್ಲ. ತೆಂಗಿನದು ಇದಕ್ಕೆ ತಿರುವುಮುರುವು. ಹೊಸದುರ್ಗದಲ್ಲಿ ಕಾಯಿಗೆ ಬೆಲೆ ಬಂದರೆ ತೋಟದವರಿಗೆ ಸುಗ್ಗಿ, ಅದೇ ತೋಟಕ್ಕೆ ಕೂಲಿಗೆ ಬರುವವರ ಮನೆಯಲ್ಲಿ ಸಾರಿಗೆ ಕಾಯಿ ಕಡಿಮೆ.

ಇನ್ನೊಂದು ಮಾತು. ಆ ತೂಕಗಳನ್ನು ನಿಗದಿ ಮಾಡಿದ್ದು 2011-12ರಲ್ಲಿ ಮನೆಗಳ ಖರ್ಚು ಕೇಳಿ. ಆಮೇಲೆ ಬದುಕು ಎಷ್ಟು ಬದಲಾಗಿದೆ! ಹಳ್ಳಿಯ ಲೆಕ್ಕದಲ್ಲಿ ಮನೆ ಬಾಡಿಗೆ ಇರಲೇ ಇಲ್ಲ. ಹೊಳಲ್ಕೆರೆ ಕಡೆಯ ಹಳ್ಳಿಗಳ ಎಷ್ಟೋ ಮನೆಯವರು ಮಕ್ಕಳ ಓದಿಗೆಂದು ಚಿತ್ರದುರ್ಗದಲ್ಲಿ ಕೋಣೆ ಹಿಡಿದು ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಾರೆ. ಈಗ 2024ನ್ನು ಆಧಾರವಾಗಿಟ್ಟ ಹೊಸ ಸರಣಿಗೆ 2023-24ರ ಸಮೀಕ್ಷೆಯಿಂದ ತೂಕ ಕೊಟ್ಟಿದ್ದಾರೆ. ಇದು ಬೇಕಾಗಿದ್ದ ಕೆಲಸ, ತಡವಾಗಿ ಆಯಿತು.

ಹೊಸ ಸರಣಿಗೂ ಸಿಗದ ಖರ್ಚೊಂದಿದೆ. ನಮ್ಮ ಬಯಲುಸೀಮೆಯಲ್ಲಿ ಎಲ್ಲಕ್ಕಿಂತ ಭಾರವಾದದ್ದು ಅದೇ: ಬೋರ್‌ವೆಲ್. ಅರ್ಥಶಾಸ್ತ್ರದ ಲೆಕ್ಕದಲ್ಲಿ ಅದು ಬಂಡವಾಳ, ಜೀವನವೆಚ್ಚವಲ್ಲ. ಅಡಿಗೆ ಇಷ್ಟೆಂದು ಕೊಟ್ಟು ಕೊರೆಸುತ್ತಾರೆ, ನೀರು ಬೀಳುವುದಿಲ್ಲ, ಮತ್ತೊಂದು ಕಡೆ ಕೊರೆಸುತ್ತಾರೆ. ಕೈಗಡ ಬೆಳೆಯುತ್ತದೆ. ಅದರ ಬಡ್ಡಿಯೂ ಗ್ರಾಹಕ ಬೆಲೆ ಸೂಚ್ಯಂಕದೊಳಗೆ ಬರುವುದಿಲ್ಲ. ಆ ಬಡ್ಡಿ ತೀರಿಸಲು ಮನೆಯವರು ಯುಗಾದಿಗೆ ಹೊಸ ಬಟ್ಟೆ ತರುವುದನ್ನು ಬಿಡುತ್ತಾರೆ. ಅವರು ಕೊಳ್ಳದೆ ಬಿಟ್ಟ ಬಟ್ಟೆಯ ಬೆಲೆ ಮಾತ್ರ ಸೂಚ್ಯಂಕದಲ್ಲಿ ತಪ್ಪದೆ ದಾಖಲಾಗಿರುತ್ತದೆ.