ನಮ್ಮ ಶಾಲೆಯ ಮಗುವಿನ ಫೋಟೋ ಯಾವ ಗೋಡೆಯ ಮೇಲಿದೆ?

(ತುಮಕೂರಿನ ಮುದ್ರಣಾಲಯದ ಮಾಲೀಕರೊಬ್ಬರು ಸರ್ಕಾರಿ ಶಾಲೆಗಳ ವಿದ್ಯಾರ್ಥಿಗಳು ಮತ್ತು ಸಿಬ್ಬಂದಿಯ ಸನ್ಮಾನ ಸಭೆಯಲ್ಲಿ ಆಡಿದ ಮಾತು)



ನಾನು ಭಾಷಣಕಾರನಲ್ಲ, ಪ್ರೆಸ್ಸು ನಡೆಸುವವನು. ಓದಿದ್ದು ಪಿಯುಸಿ. ಮದುವೆ ಪತ್ರಿಕೆ, ಬಿಲ್ ಬುಕ್ಕು, ತಿಥಿ ಕಾರ್ಡು, ಜಾತ್ರೆಯ ಕರಪತ್ರ ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ಆದರೆ ಅಚ್ಚಿನ ಮನೆಯವನಿಗೆ ಒಂದು ಅನುಕೂಲ ಉಂಟು. ಊರು ಯಾರನ್ನು ಹೊಗಳುತ್ತದೆ, ಯಾರನ್ನು ಮರೆಯುತ್ತದೆ ಎಂಬುದು ಎಲ್ಲರಿಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ. ಊರಿನ ಹೊಗಳಿಕೆಯೆಲ್ಲ ಅವನ ಮೇಜಿನ ಮೇಲೇ ಹಾದು ಹೋಗಬೇಕು!

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ ಸಂಜೆಯೊಳಗೆ ನನ್ನ ಫೋನು ಬಿಸಿಯಾಗುತ್ತದೆ. ‘ನಮ್ಮ ಸ್ಕೂಲಿನ ಟಾಪರ್‌ಗಳ ಫೋಟೋ ಬಂದಿದೆ, ನಾಳೆ ಬೆಳಿಗ್ಗೆ ಸರ್ಕಲ್‌ನಲ್ಲಿ ಬ್ಯಾನರ್ ನಿಂತಿರಬೇಕು.’ ಪ್ಲಾಸ್ಟಿಕ್ ಫ್ಲೆಕ್ಸನ್ನು ಸರ್ಕಾರ 2016ರಲ್ಲೇ ನಿಷೇಧಿಸಿತು, ನಿಜ. ಆದರೆ ಬಟ್ಟೆ ಬಂತು, ಕರಪತ್ರ ಬಂತು, ಮೊಬೈಲಿನ ಪೋಸ್ಟರ್ ಬಂತು. ಹೊಗಳಿಕೆಗೆ ದಾರಿ ಮುಚ್ಚಲಿಲ್ಲ. ಈ ಫೋನುಗಳಲ್ಲಿ ಸರ್ಕಾರಿ ಕನ್ನಡ ಶಾಲೆಯ ಫೋನು ಎಷ್ಟು? ಎಣಿಸಲು ಒಂದು ಕೈಯ ಬೆರಳು ಸಾಕು. ಅಲ್ಲಿ ಮಕ್ಕಳು ಪಾಸಾಗಿಲ್ಲವೇ? ಆಗಿದ್ದಾರೆ. ಅಲ್ಲಿ ಬ್ಯಾನರ್‌ಗೆ ದುಡ್ಡಿನ ಬಾಬ್ತು ಇಲ್ಲ, ಅಷ್ಟೇ.

ಖಾಸಗಿ ಶಾಲೆಯ ಮಗುವೂ ನಮ್ಮ ಮಗುವೇ. ಆ ಮಗು ಕಷ್ಟಪಟ್ಟು ಪಡೆದ ಅಂಕಕ್ಕೆ ನಾನು ಹೊಟ್ಟೆ ಉರಿದುಕೊಳ್ಳುವವನಲ್ಲ. ನನ್ನ ಪ್ರಶ್ನೆ ಬೇರೆ. ಗುಬ್ಬಿಯ ಕಡೆಯ ಹಳ್ಳಿಯಲ್ಲಿ ಬೆಳಿಗ್ಗೆ ಹಸುವಿನ ಹಾಲು ಕರೆದು ಡೈರಿಗೆ ಹಾಕಿ, ಮೂರು ಮೈಲಿ ನಡೆದು ಶಾಲೆಗೆ ಬಂದು, ಮನೆಯಲ್ಲಿ ಹೇಳಿಕೊಡುವವರು ಒಬ್ಬರೂ ಇಲ್ಲದೆ 625ಕ್ಕೆ 540 ಪಡೆದ ಹುಡುಗಿ ಇದ್ದರೆ, ಅವಳ ಫೋಟೋ ಯಾವ ಗೋಡೆಯ ಮೇಲಿದೆ? ಕುಣಿಗಲ್‌ನ ಸಂತೆ ದಿನ ಅಪ್ಪನ ಜೊತೆ ತರಕಾರಿ ಮಾರಿ ರಾತ್ರಿ ಓದಿದ ಹುಡುಗನ ಹೆಸರು ಯಾರ ಬಾಯಲ್ಲಿದೆ?

ಅಂಕ ಒಂದೇ ಸಾಧನೆಯೇ?

ಗೆಳೆಯರೇ, ಅಂಕದ ಮಾತನ್ನೇ ಮೊದಲು ಮುಗಿಸೋಣ. 2024ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶ 2024ರಲ್ಲಿ ಶೇ. 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಹೆಚ್ಚಿಸಿದ ಮೇಲೆ! ಕೆಲವರು ಅಯ್ಯೋ ಎಂದರು. ನಾನು ಹೇಳುತ್ತೇನೆ, ಕಾಪಿ ಇಲ್ಲದ ಕೊಠಡಿಯಲ್ಲಿ ಕೂತು, ತನ್ನ ತಲೆಯಿಂದಲೇ ಬರೆದು ಪಾಸಾದ ಮಗುವಿನ ಶೇ. 50, ಹಿಂದಿನ ಕಾಲದ ಎಷ್ಟೋ ಶೇ. 80ಕ್ಕಿಂತ ದೊಡ್ಡದು. ಅದೇ ವರ್ಷ ಬಾಗಲಕೋಟೆ ಜಿಲ್ಲೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿ 625ಕ್ಕೆ 625 ಪಡೆದು ರಾಜ್ಯಕ್ಕೇ ಮೊದಲಿಗಳಾದಳು. ಅದು ಸರ್ಕಾರದ ವಸತಿ ಶಾಲೆ. ಸರ್ಕಾರಿ ಶಾಲೆಯಲ್ಲಿ ಏನೂ ಆಗುವುದಿಲ್ಲ ಎನ್ನುವವರ ಬಾಯಿ ಮುಚ್ಚಿಸಲು ಆ ಒಂದು ಅಂಕಪಟ್ಟಿ ಸಾಕು.

ಆದರೆ ಶಾಲೆಯ ಸಾಧನೆ ಅಂಕಪಟ್ಟಿಯಲ್ಲಿ ಮಾತ್ರ ಇಲ್ಲ. ಎನ್.ಎಂ.ಎಂ.ಎಸ್. ಎಂಬ ಪರೀಕ್ಷೆ ನಿಮಗೆ ಗೊತ್ತೇ? ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಇರುವ ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೆ. ಮನೆಯ ವರ್ಷದ ಆದಾಯ ಮೂರೂವರೆ ಲಕ್ಷದೊಳಗೆ ಇರಬೇಕು. ಆಯ್ಕೆಯಾದ ಮಗುವಿಗೆ ಒಂಬತ್ತನೆಯ ತರಗತಿಯಿಂದ ದ್ವಿತೀಯ ಪಿಯುಸಿ ತನಕ ತಿಂಗಳಿಗೆ ಸಾವಿರ ರೂಪಾಯಿ. ನಾಲ್ಕು ವರ್ಷಕ್ಕೆ 48,000 ರೂಪಾಯಿ! ಕೂಲಿ ಮಾಡುವ ಮನೆಯ ಹೆಣ್ಣುಮಗಳು ಹತ್ತನೇ ತರಗತಿಗೇ ಶಾಲೆ ಬಿಡದಂತೆ ತಡೆಯುವ ದುಡ್ಡು ಅದು. ಆ ಪರೀಕ್ಷೆ ಗೆದ್ದ ಮಗುವಿಗೆ ನಾವು ಹಾರ ಹಾಕಿದ್ದೇವೆಯೇ?

ಇನ್‌ಸ್ಪೈರ್ ಯೋಜನೆಯಲ್ಲಿ ತನ್ನದೇ ಒಂದು ಉಪಾಯ ಬರೆದು ಕಳಿಸಿ, ಮಾದರಿ ಮಾಡಲು ಹತ್ತು ಸಾವಿರ ರೂಪಾಯಿ ಪಡೆಯುವ ಮಕ್ಕಳಿದ್ದಾರೆ. ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರ್ ಗೆದ್ದು, ತಾಲ್ಲೂಕು ಗೆದ್ದು, ಜಿಲ್ಲೆಗೆ ಬಂದು ಹಾಡುವ ಮಕ್ಕಳಿದ್ದಾರೆ. ಗುಬ್ಬಿ ಎಂದರೆ ನಾಟಕದ ತವರು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು ನಾಡಿನ ಉದ್ದಗಲಕ್ಕೂ ಮೆರೆಸಿದ ಗುಬ್ಬಿ ವೀರಣ್ಣನವರು ಯಾವ ರ್‍ಯಾಂಕ್ ಪಡೆದವರು? ರಂಗಕ್ಕೆ ಹತ್ತಿದ ಮಗುವನ್ನು ‘ಓದು ಬಿಟ್ಟು ಕುಣಿಯುತ್ತಾನೆ’ ಎಂದು ಬೈಯುವ ಊರಿನಲ್ಲಿ ಇನ್ನೊಬ್ಬ ವೀರಣ್ಣ ಹುಟ್ಟುವುದಾದರೂ ಹೇಗೆ?

ಈ ಮಣ್ಣಿನ ಶಾಲೆಗಳು ಕೊಟ್ಟಿದ್ದೇನು?

ನಮ್ಮ ಜಿಲ್ಲೆಯಲ್ಲಿ ಎರಡು ಶೈಕ್ಷಣಿಕ ಜಿಲ್ಲೆಗಳು: ತುಮಕೂರು ಮತ್ತು ಮಧುಗಿರಿ. ತುಮಕೂರು, ಗುಬ್ಬಿ, ಕುಣಿಗಲ್, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಒಂದು ಕಡೆ. ಈ ಕಡೆಯ ಮಣ್ಣು ಕನ್ನಡಕ್ಕೆ ಕೊಟ್ಟಿದ್ದು ಕಡಿಮೆಯಲ್ಲ. ಐದು ನೂರು ವರ್ಷದ ಹಿಂದೆಯೇ ಗುಬ್ಬಿಯಲ್ಲಿ ಮಲ್ಲಣಾರ್ಯ ಕಾವ್ಯ ಬರೆದ. ಚಿಕ್ಕನಾಯಕನಹಳ್ಳಿ ತಾಲ್ಲೂಕು 1906ರ ಒಂದೇ ವರ್ಷದಲ್ಲಿ ಇಬ್ಬರು ಮಹಾ ಪಂಡಿತರನ್ನು ಹೆತ್ತಿತು. ಒಬ್ಬರು ತೀ.ನಂ. ಶ್ರೀಕಂಠಯ್ಯ. ಇಂದು ದೇಶವೆಲ್ಲ ‘ರಾಷ್ಟ್ರಪತಿ’ ಎನ್ನುತ್ತದಲ್ಲ, ಆ ಪದವನ್ನು ಸೂಚಿಸಿದ ಕೀರ್ತಿ ಅವರದು ಎನ್ನುತ್ತಾರೆ. ಇನ್ನೊಬ್ಬರು ಡಿ.ಎಲ್. ನರಸಿಂಹಾಚಾರ್. ಹಳೆಯ ಓಲೆಯ ಪ್ರತಿಗಳಲ್ಲಿ ತಪ್ಪು ಯಾವುದು, ಒಪ್ಪು ಯಾವುದು ಎಂದು ಅಕ್ಷರ ಅಕ್ಷರವಾಗಿ ಸೋಸುವ ವಿದ್ಯೆಗೆ ‘ಕನ್ನಡ ಗ್ರಂಥ ಸಂಪಾದನೆ’ ಎಂಬ ಪುಸ್ತಕವನ್ನೇ ಬರೆದವರು. ಕರಡಚ್ಚು ತಿದ್ದುವ ನನ್ನಂಥವನಿಗೆ ಅವರು ಕುಲಗುರು!

ಇನ್ನು ನಾಗವಲ್ಲಿ. ಇಲ್ಲೇ ನಮ್ಮ ತುಮಕೂರು ತಾಲ್ಲೂಕಿನ ಹಳ್ಳಿ. ಆ ಹಳ್ಳಿಯ ಶಾಲೆಯಲ್ಲಿ ಓದಿದ ಒಬ್ಬ ಹುಡುಗ, ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದ. ಅವರೇ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ. 1941ರಲ್ಲಿ ಮಠದ ಹೊಣೆ ಹೊತ್ತು, 2019ರ ಜನವರಿ 21ರಂದು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗುವ ತನಕ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ನೆಲೆ, ಅಕ್ಷರ ಕೊಟ್ಟರು. ನಾಗವಲ್ಲಿಯ ಶಾಲೆಯಲ್ಲಿ ಆ ಹುಡುಗನಿಗೆ ಪಾಠ ಹೇಳಿದ ಮೇಷ್ಟ್ರ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಯಾರೂ ಕೈ ಎತ್ತುತ್ತಿಲ್ಲ. ಬರೆದಿಡದ ಸಾಧನೆಯ ಗತಿ ಇದೇ, ಗೆಳೆಯರೇ. ಮರವನ್ನು ಪೂಜಿಸುತ್ತೇವೆ, ಬೀಜ ಬಿತ್ತಿದವನನ್ನು ಮರೆಯುತ್ತೇವೆ.

ರಾಧಾಕೃಷ್ಣನ್ ಅವರು 1921ರಲ್ಲಿ ಮೈಸೂರಿನ ಮಹಾರಾಜ ಕಾಲೇಜು ಬಿಟ್ಟು ಹೊರಟಾಗ ವಿದ್ಯಾರ್ಥಿಗಳು ಗಾಡಿಯ ಕುದುರೆ ಬಿಚ್ಚಿ ತಾವೇ ರೈಲ್ವೆ ನಿಲ್ದಾಣದ ತನಕ ಎಳೆದುಕೊಂಡು ಹೋದರು. ಅದು ಕನ್ನಡ ನಾಡು ಗುರುವನ್ನು ಕಳಿಸಿಕೊಟ್ಟ ರೀತಿ. ಇವತ್ತು ಹಳ್ಳಿಯ ಮೇಷ್ಟ್ರಿಗೆ ವರ್ಗವಾದರೆ ಮಕ್ಕಳು ಗೇಟಿನ ಬಳಿ ಅಳುತ್ತಾ ನಿಲ್ಲುತ್ತಾರೆ. ನಾವು ದೊಡ್ಡವರು ಎಲ್ಲಿರುತ್ತೇವೆ?

ಸಿಬ್ಬಂದಿ ಎಂದರೆ ಮೇಷ್ಟ್ರು ಮಾತ್ರವಲ್ಲ. ಅತಿಥಿ ಶಿಕ್ಷಕರಿದ್ದಾರೆ. ಹೆಸರಿಗೆ ಅತಿಥಿ, ಊಟಕ್ಕೆ ಕರೆಯುವವರಿಲ್ಲ! ಬಿಸಿಯೂಟ ಬೇಯಿಸುವ ತಾಯಂದಿರಿದ್ದಾರೆ. 2002ರಲ್ಲಿ ನಮ್ಮ ರಾಜ್ಯದಲ್ಲಿ ‘ಅಕ್ಷರ ದಾಸೋಹ’ ಶುರುವಾಯಿತು. ಹೆಸರು ನೋಡಿ, ದಾಸೋಹ! ಆದರೆ ಆ ದಾಸೋಹದ ಒಲೆಯ ಮುಂದೆ ಕಣ್ಣು ಉರಿಸಿಕೊಳ್ಳುವ ತಾಯಿಗೆ 2025ರ ಬಜೆಟ್‌ನಲ್ಲಿ ಸಾವಿರ ರೂಪಾಯಿ ಏರಿಸಿದ ಮೇಲೂ ಗೌರವಧನ ತಿಂಗಳಿಗೆ ಐದು ಸಾವಿರ ಮುಟ್ಟಲಿಲ್ಲ. ಈ ದಿನದ ವೇದಿಕೆಗೆ ಅಡುಗೆಯವರನ್ನೂ ಕರೆದು ಕೂರಿಸಿದ್ದೀರಿ. ಈ ಊರಿನ ಸಂಘಟನೆಯ ಹುಡುಗರಿಗೆ ಅದಕ್ಕೇ ನನ್ನ ಮೊದಲ ನಮಸ್ಕಾರ.

ಇದು ಅಲಂಕಾರವಲ್ಲ, ಹೋರಾಟ

‘ಕನ್ನಡದ ಹೋರಾಟ ಅಂದ್ರೆ ಬೀದಿಗಿಳಿಯೋದು, ನಾಮಫಲಕಕ್ಕೆ ಮಸಿ ಬಳಿಯೋದು. ಮಕ್ಕಳಿಗೆ ಹಾರ ಹಾಕೋದು ಯಾವ ಹೋರಾಟ ಸಾರ್?’ ಎಂದು ಒಬ್ಬ ತರುಣ ನನ್ನನ್ನು ಕೇಳಿದ. ಒಳ್ಳೆಯ ಪ್ರಶ್ನೆ. ಉತ್ತರ ಕೇಳಿ.

ಗೋಕಾಕ್ ಚಳವಳಿಗೆ 1982ರಲ್ಲಿ ನಾಡಿಗೆ ನಾಡೇ ಎದ್ದು ನಿಂತಿತು. 1994ರಲ್ಲಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂದು ಸರ್ಕಾರ ಆದೇಶ ಹೊರಡಿಸಿತು. ಇಪ್ಪತ್ತು ವರ್ಷ ಕೋರ್ಟು ಕಚೇರಿ ಅಲೆದಾಟ. ಕೊನೆಗೆ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಬಲವಂತವಾಗಿ ಹೇರುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಅಲ್ಲಿಂದ ಮುಂದೆ 2019–20ರಲ್ಲಿ ಸರ್ಕಾರವೇ ತನ್ನ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ಹೊರಟಿತು.

ಇದರ ಅರ್ಥವೇನು? ಮಗುವನ್ನು ಯಾವ ಶಾಲೆಗೆ ಹಾಕಬೇಕು ಎಂಬುದನ್ನು ಈಗ ಆದೇಶ ತೀರ್ಮಾನಿಸುವುದಿಲ್ಲ. ಅಪ್ಪ ಅಮ್ಮ ತೀರ್ಮಾನಿಸುತ್ತಾರೆ. ಅವರು ಯಾವುದನ್ನು ನೋಡಿ ತೀರ್ಮಾನಿಸುತ್ತಾರೆ? ಸರ್ಕಲ್‌ನಲ್ಲಿ ನಿಂತ ಫೋಟೋ ನೋಡಿ! ಗೆದ್ದವರೆಲ್ಲ ಇಂಗ್ಲಿಷ್ ಶಾಲೆಯವರೇ ಎಂದು ಆ ಗೋಡೆ ದಿನವೂ ಸುಳ್ಳು ಹೇಳುತ್ತಿದೆ. ಆ ಸುಳ್ಳಿಗೆ ಉತ್ತರ ಮಸಿಯಲ್ಲ. ನಮ್ಮ ಮಗುವಿನ ಫೋಟೋ. ಕನ್ನಡ ಶಾಲೆಯಲ್ಲಿ ಓದಿ ಗೆದ್ದವರು ಕಣ್ಣಿಗೆ ಬೀಳದೆ ಹೋದರೆ ಕನ್ನಡ ಶಾಲೆಯ ಬಾಗಿಲಿಗೆ ಬರುವವರೂ ಇರುವುದಿಲ್ಲ. ಮಕ್ಕಳಿಲ್ಲದ ಶಾಲೆಗೆ ಬೀಗ ಬೀಳುತ್ತದೆ. ಬೀಗ ಬಿದ್ದ ಮೇಲೆ ಅದರ ಮುಂದೆ ಧರಣಿ ಕೂತು ಏನು ಪ್ರಯೋಜನ?

ನೀವು ಮಾಡಬೇಕಾದದ್ದು

ನಿಮ್ಮಲ್ಲಿ ಬಹಳ ಜನ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವವರು. ಹೊತ್ತಿಲ್ಲ, ಗೊತ್ತು. ವರ್ಷಕ್ಕೆ ಕೆಲವು ಭಾನುವಾರ ಕೊಡಿ, ಸಾಕು. ಐದೇ ಕೆಲಸ ಹೇಳುತ್ತೇನೆ.

ಒಂದು: ನೀವು ಓದಿದ ಶಾಲೆಗೆ ಹೋಗಿ ಗೋಡೆಯ ಮೇಲೆ ಒಂದು ಫಲಕ ಬರೆಸಿ. ಬಣ್ಣದಲ್ಲಿ, ಕನ್ನಡದಲ್ಲಿ. ವರ್ಷಕ್ಕೊಂದು ಸಾಲು. ಆ ವರ್ಷದ ಸಾಧಕ ಮಕ್ಕಳ ಹೆಸರು, ಪಕ್ಕದಲ್ಲಿ ಅವರಿಗೆ ಕಲಿಸಿದವರ ಹೆಸರು. ಬ್ಯಾನರ್ ವಾರಕ್ಕೆ ಹರಿಯುತ್ತದೆ, ಗೋಡೆ ಉಳಿಯುತ್ತದೆ. ಬ್ಯಾನರ್‌ನಿಂದಲೂ ಬದುಕುವ ನಾನೇ ಈ ಮಾತು ಹೇಳುತ್ತಿದ್ದೇನೆ!

ಎರಡು: ಎಂಟನೇ ತರಗತಿಯ ಮಕ್ಕಳಿಗೆ ಎನ್.ಎಂ.ಎಂ.ಎಸ್. ಅರ್ಜಿ ಹಾಕಿಸಿ. ಪರೀಕ್ಷೆಗೆ ಮುಂಚೆ ಎರಡು ತಿಂಗಳು ಭಾನುವಾರ ಕೂತು ಲೆಕ್ಕ, ಬುದ್ಧಿಸಾಮರ್ಥ್ಯದ ಪ್ರಶ್ನೆ ಬಿಡಿಸಿಕೊಡಿ. ಎಂಜಿನಿಯರಿಂಗ್ ಓದಿದ ನಿಮಗೆ ಅದು ಕಷ್ಟವೇ?

ಮೂರು: ಒಂದರಿಂದ ಹತ್ತರ ತನಕ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಶೇ. 5 ಮೀಸಲು ಇದೆ. ಸಿ.ಇ.ಟಿ. ಸೀಟಿನಲ್ಲೂ ಶೇ. 5 ಇದೆ. ಪ್ರಮಾಣಪತ್ರ ಹೊತ್ತಿಗೆ ಸಿಗದೆ ಅವಕಾಶ ಕೈತಪ್ಪಬಾರದು. ಅದನ್ನು ಮಕ್ಕಳಿಗೆ ತಿಳಿಸಿ, ಮಾಡಿಸಿಕೊಡಿ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಸರೋಜಿನಿ ಮಹಿಷಿ ವರದಿ ಬಂದದ್ದು 1986ರಲ್ಲಿ. ಸ್ಥಳೀಯರಿಗೆ ಕೆಲಸ ಎಂದು ನಾವು ಕೂಗುತ್ತೇವೆ, ಕೂಗಲೇಬೇಕು. ಆದರೆ ಕೆಲಸ ಬಂದ ದಿನ ಅದಕ್ಕೆ ಅರ್ಹತೆ ಪಡೆದ ಗುಬ್ಬಿಯ ಹುಡುಗ, ಹುಡುಗಿ ಸಿದ್ಧವಾಗಿ ನಿಂತಿರಬೇಕು. ಅವರು ತಯಾರಾಗುವುದು ಇದೇ ಶಾಲೆಗಳಲ್ಲಿ.

ನಾಲ್ಕು: ನವೆಂಬರ್ ಒಂದರ ವೇದಿಕೆಯಲ್ಲಿ ಆರ್ಕೆಸ್ಟ್ರಾಕ್ಕೆ ಮೂರು ಗಂಟೆ ಕೊಡುತ್ತೀರಿ. ಅದರಲ್ಲಿ ಅರ್ಧ ಗಂಟೆ ನಿಮ್ಮ ಬಡಾವಣೆಯ ಸರ್ಕಾರಿ ಶಾಲೆಗೆ ಕೊಡಿ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಂದೇ ಫೋಟೋ ಹೊಡೆದು ಕಳಿಸಬೇಡಿ. ಒಬ್ಬೊಬ್ಬರನ್ನೇ ಕರೆಯಿರಿ, ಏನು ಸಾಧಿಸಿದರು ಎಂದು ಹೇಳಿ. ಅವರಿಗೂ ಮೈಕು ಕೊಡಿ.

ಐದು: ಪ್ರಮಾಣಪತ್ರ ಕನ್ನಡದಲ್ಲಿ ಇರಲಿ, ಹೆಸರು ಸರಿಯಾಗಿರಲಿ. ಇದು ನನ್ನ ಕಸುಬಿನ ಮಾತು. ಕನ್ನಡ ಶಾಲೆಯ ಮಕ್ಕಳಿಗೆ ಕೊಡುವ ಪ್ರಮಾಣಪತ್ರವನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿ ಎಂದು ಬರುವವರಿದ್ದಾರೆ. ‘ಗ್ರ್ಯಾಂಡ್ ಆಗಿ ಕಾಣುತ್ತೆ’ ಅಂತೆ! ಹೆಸರುಗಳ ಪಟ್ಟಿಯೂ ಇಂಗ್ಲಿಷಿನಲ್ಲೇ ಬರುತ್ತದೆ. ಅದನ್ನು ಕನ್ನಡಕ್ಕೆ ತಿರುಗಿಸಿದರೆ ಕಾಳಮ್ಮ ಕಾಲಮ್ಮ ಆಗುತ್ತಾಳೆ, ಅಣ್ಣಪ್ಪ ಅನ್ನಪ್ಪ ಆಗುತ್ತಾನೆ. ಜೀವನದಲ್ಲಿ ಮೊದಲ ಬಾರಿ ಆ ಮಗು ತನ್ನ ಹೆಸರನ್ನು ಅಚ್ಚಿನಲ್ಲಿ ನೋಡುತ್ತಿದೆ. ಆ ಹಾಳೆಗೆ ಚೌಕಟ್ಟು ಹಾಕಿಸಿ ಅಮ್ಮ ಗೋಡೆಗೆ ನೇತು ಹಾಕುತ್ತಾಳೆ. ಅದರಲ್ಲೇ ಹೆಸರು ತಪ್ಪಿದ್ದರೆ ನಾವು ಮಾಡಿದ್ದು ಸನ್ಮಾನವೋ, ಅವಮಾನವೋ? ಶಾಲೆಗೇ ಹೋಗಿ, ಮಗುವಿನ ಕೈಯಲ್ಲೇ ಕನ್ನಡದಲ್ಲಿ ಹೆಸರು ಬರೆಸಿಕೊಂಡು ಬನ್ನಿ. ಹಾಗೆ ತಂದ ಸರ್ಕಾರಿ ಶಾಲೆಯ ಪ್ರಮಾಣಪತ್ರಕ್ಕೆ ನನ್ನ ಪ್ರೆಸ್ಸಿನಲ್ಲಿ ಕಾಗದದ ದುಡ್ಡು ಮಾತ್ರ. ಅಚ್ಚಿನ ಕೂಲಿ ಇಲ್ಲ.

ಮಕ್ಕಳೇ, ಈಗ ನಿಮ್ಮನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಾರೆ. ತಲೆ ತಗ್ಗಿಸಿಕೊಂಡು ಬರಬೇಡಿ. ಹೆಸರು ಕೂಗಿದ ಕೂಡಲೇ ಎದ್ದು ನಿಂತು, ಎದೆ ಎತ್ತಿ ನಡೆದು ಬನ್ನಿ. ನಿಮ್ಮ ಹಿಂದೆ ಕೂತಿರುವ ಈ ಊರು ಚಪ್ಪಾಳೆ ಹೊಡೆಯಲು ಕಾಯುತ್ತಿದೆ.

ಸಿರಿಗನ್ನಡಂ ಗೆಲ್ಗೆ! ಜೈ ಕರ್ನಾಟಕ!