ಜೀನಿ ರಾಬರ್ಟ್‌ಸನ್ ಹಾಡಿದ ಕಥೆ



ಮಗನ ಕತ್ತಿಗೆ ರಕ್ತ ಮೆತ್ತಿದೆ. ಅದು ಯಾರ ರಕ್ತವೆಂದು ತಾಯಿ ಕೇಳುತ್ತಾಳೆ. ಕುದುರೆಯದು ಎನ್ನುತ್ತಾನೆ ಮಗ; ಅವಳು ನಂಬುವುದಿಲ್ಲ. ಬೇಟೆನಾಯಿಯದು ಎನ್ನುತ್ತಾನೆ, ಅದನ್ನೂ ನಂಬುವುದಿಲ್ಲ. ಕೊನೆಗೆ ಬಾಯಿಬಿಡುತ್ತಾನೆ. ಒಡಹುಟ್ಟಿದ ಜಾನ್‌ನನ್ನು ಅವನು ಕೊಂದು ಬಂದಿದ್ದಾನೆ. ಇನ್ನು ತಳವಿಲ್ಲದ ದೋಣಿಯೇರಿ ಹೊರಟುಹೋಗುತ್ತಾನಂತೆ. ಮರಳುವುದು ಯಾವಾಗ? ಸೂರ್ಯ ಚಂದ್ರರು ಕಣಿವೆಯಲ್ಲಿ ಸಂಧಿಸಿದ ದಿನ.

ಇದು ‘ಸನ್ ಡೇವಿಡ್’ ಎಂಬ ಸ್ಕಾಟ್ಲೆಂಡಿನ ಕಥನಗೀತೆ. ಇಡೀ ಹಾಡು ತಾಯಿ ಮಗನ ಮಾತುಕತೆ, ಅಷ್ಟೇ. ಕೊಲೆ ಹಾಡು ಶುರುವಾಗುವ ಮೊದಲೇ ನಡೆದುಹೋಗಿದೆ. ನಮ್ಮ ಕಿವಿಗೆ ಬೀಳುವುದು ಒಂದೊಂದೇ ಸುಳ್ಳು ಕಳಚಿ ಬೀಳುವ ಸದ್ದು.

ಈ ಕಥೆ ವಿದ್ವಾಂಸರಿಗೆ ಹೊಸದಲ್ಲ. ‘ಎಡ್ವರ್ಡ್’ ಎಂಬ ಹೆಸರಿನಲ್ಲಿ ಇದರ ಒಂದು ಪಾಠವನ್ನು ಬಿಷಪ್ ಪರ್ಸಿ 1765ರಲ್ಲೇ ಅಚ್ಚು ಹಾಕಿಸಿದ್ದರು. ಚಿಂತಕ ಹರ್ಡರ್ ಅದನ್ನು ಜರ್ಮನ್ ಭಾಷೆಗೆ ತಂದರು. ಅದರಿಂದ ಸ್ಫೂರ್ತಿ ಪಡೆದು ಸಂಗೀತ ರಚನಕಾರ ಬ್ರಾಮ್ಸ್ 1854ರಲ್ಲಿ ಪಿಯಾನೋ ಕೃತಿಯೊಂದನ್ನು ರಚಿಸಿದರು. ಫ್ರಾನ್ಸಿಸ್ ಚೈಲ್ಡ್ ಸಂಪಾದಿಸಿದ 305 ಕಥನಗೀತೆಗಳ ಮಹಾಸಂಗ್ರಹದಲ್ಲಿ ಇದರದು 13ನೆಯ ಸ್ಥಾನ. ಗ್ರಂಥಾಲಯಕ್ಕೆ ಹೋಗಿ ಓದಬೇಕಾದ ಹಾಡು ಎಂದೇ ಬಹಳ ಮಂದಿ ಇದನ್ನು ಭಾವಿಸಿದ್ದರು.

1953ರಲ್ಲಿ ಹಾಡು ಸಂಗ್ರಹಿಸುತ್ತ ಅಬರ್ಡೀನ್ ನಗರಕ್ಕೆ ಬಂದ ಹೇಮಿಶ್ ಹೆಂಡರ್ಸನ್, ಒಂದು ಮನೆಯ ಬಾಗಿಲು ತಟ್ಟಿದರು. ಅದು ಜೀನಿ ರಾಬರ್ಟ್‌ಸನ್ ಮನೆ. ತಗಡಿನ ಪಾತ್ರೆ ಮಾಡಿ, ಕುದುರೆ ಮಾರಿ, ಬೆರಿ ಹಣ್ಣು ಕೀಳಲು ಊರೂರು ಅಲೆದು ಬದುಕುತ್ತಿದ್ದ ಟ್ರಾವೆಲರ್ ಜನರ ಪೈಕಿ ಹುಟ್ಟಿದ ಹೆಣ್ಣುಮಗಳು ಆಕೆ. ಊರಿನವರು ಅಂಥವರನ್ನು ದೂರವೇ ಇಡುತ್ತಿದ್ದರು. ಗ್ರಂಥ ಸೇರಿ ಮುಗಿದುಹೋಯಿತು ಎಂದುಕೊಂಡಿದ್ದ ಹಾಡುಗಳು ಆಕೆಯ ಕಂಠದಲ್ಲಿ ಇನ್ನೂ ಬೆಚ್ಚಗೆ ಉಸಿರಾಡುತ್ತಿದ್ದವು. ಅವನ್ನು ಆಕೆ ಕಲಿತದ್ದು ತಾಯಿಯ ಬಾಯಿಂದ.

ಪರ್ಸಿಯ ಪಾಠದಲ್ಲಿ ಸತ್ತವನು ತಂದೆ. ಕೊಲೆಗೆ ಕುಮ್ಮಕ್ಕು ಕೊಟ್ಟವಳು ತಾಯಿಯೇ ಎಂಬುದು ಕೊನೆಯಲ್ಲಿ ಬಯಲಾಗುತ್ತದೆ. ಜೀನಿಯ ಹಾಡಿನಲ್ಲಿ ಅಂಥ ತಿರುವಿಲ್ಲ. ನನಗೆ ಜೀನಿಯದೇ ಹೆಚ್ಚು ಭಯಂಕರ ಎನಿಸುತ್ತದೆ. ಕುದುರೆಯನ್ನು ಯಾಕೆ ಕೊಂದೆ ಎಂಬುದಕ್ಕೆ ಮಗ ಕೊಡುವ ಕಾರಣ, ಅದು ತನ್ನ ಹಿಡಿತಕ್ಕೆ ಬರಲಿಲ್ಲ ಎಂಬುದು. ನಾಯಿಗೂ ಅದೇ ಕಾರಣ. ಸುಳ್ಳು ಮುಗಿದು ನಿಜ ಹೊರಬಿದ್ದಾಗಲೂ ಕಾರಣ ಬದಲಾಗುವುದಿಲ್ಲ! ಒಡಹುಟ್ಟಿದವನೂ ತನ್ನ ಮಾತಿಗೆ ಬಗ್ಗಲಿಲ್ಲ. ಪ್ರಾಣಿಗೊಂದು, ಮನುಷ್ಯನಿಗೊಂದು ಎಂಬ ಭೇದವೇ ಆ ಮನಸ್ಸಿನಲ್ಲಿ ಉಳಿದಿಲ್ಲ. ದಾಯಾದಿ ಜಗಳದ ಬಗ್ಗೆ ಇದಕ್ಕಿಂತ ಕಠೋರವಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ಜೀನಿ ಇದನ್ನು ಯಾವ ವಾದ್ಯವೂ ಇಲ್ಲದೆ ಹಾಡುತ್ತಾರೆ. ಬಲು ನಿಧಾನ. ತಾಯಿಗೊಂದು ದನಿ, ಮಗನಿಗೊಂದು ದನಿ ಎಂದು ನಟಿಸುವುದಿಲ್ಲ, ಅಳುವುದಿಲ್ಲ, ಅಬ್ಬರಿಸುವುದಿಲ್ಲ. ತುಂಬು ಕಂಠ, ಸಾಲಿನ ಕೊನೆಯಲ್ಲಿ ಎಳೆದು ನಿಲ್ಲಿಸಿದ ಸ್ವರ. ದುಃಖವನ್ನು ಹಾಡುವವರೇ ಪೂರ್ತಿ ಅನುಭವಿಸಿಬಿಟ್ಟರೆ ಕೇಳುವವರ ಪಾಲಿಗೆ ಏನೂ ಉಳಿಯದು. ಜೀನಿ ಆ ಪಾಲನ್ನು ನಮಗೇ ಬಿಡುತ್ತಾರೆ. ಕಥೆ ಹೇಳುವವರಿಗೆ ಇರಬೇಕಾದ ದೊಡ್ಡ ಗುಣವಿದು.

1968ರಲ್ಲಿ ಬ್ರಿಟಿಷ್ ಸರ್ಕಾರ ಎಂಬಿಇ ಪದವಿ ಕೊಟ್ಟು ಆಕೆಯನ್ನು ಗೌರವಿಸಿತು. 1975ರಲ್ಲಿ ಜೀನಿ ತೀರಿಕೊಂಡರು. ಹಾಡುಗಳು ಮಗಳು ಲಿಜ್ಜಿ ಹಿಗಿನ್ಸ್ ಕಂಠದಲ್ಲಿ ಮುಂದುವರಿದವು. ಜೀನಿಯ ಧ್ವನಿಮುದ್ರಣಗಳು ಇಂದಿಗೂ ಸಿಗುತ್ತವೆ. ಕಥೆ ನಿಮಗೀಗ ಗೊತ್ತು, ಭಾಷೆ ಅಡ್ಡಿಯಾಗದು. ಬಿಡುವು ಮಾಡಿಕೊಂಡು, ಬೇರೆ ಕೆಲಸ ಪಕ್ಕಕ್ಕಿಟ್ಟು, ಒಮ್ಮೆ ಕೇಳಿ.