ಉಳುಕಿದ ಕಾಲಿಗೆ ಪಟ್ಟಿ ಕಟ್ಟುವಾಗ



ಹೋದ ಸಲ ಮಹಿಳಾ ದಿನಾಚರಣೆಯ ಥ್ರೋಬಾಲ್ ಆಟದಲ್ಲಿ ನಮ್ಮ ಒಬ್ಬ ಸದಸ್ಯೆಯ ಪಾದ ಮಡಚಿ ಉಳುಕಿತು. ನಾವೇ ಕ್ರೇಪ್ ಬ್ಯಾಂಡೇಜು ಬಿಗಿಯಾಗಿ ಸುತ್ತಿ, "ಬೆಳಿಗ್ಗೆವರೆಗೂ ಬಿಚ್ಚಬೇಡಮ್ಮ" ಅಂತ ಕಳಿಸಿದೆವು. ರಾತ್ರಿ ಫೋನ್ ಬಂತು. ಬೆರಳೆಲ್ಲ ನೀಲಿಯಾಗಿ ಜೋಮು ಹಿಡಿದಿತ್ತು. ಬಿಚ್ಚಿದ ಮೇಲೆ ಸರಿಹೋಯಿತು. ತಪ್ಪು ನಮ್ಮದೇ. ಅದಕ್ಕೇ ಇವತ್ತು ಉಳಿತಾಯದ ಲೆಕ್ಕಕ್ಕೆ ಮೊದಲು ಇದನ್ನು ಮಾತಾಡೋಣ.

ಉಳುಕು ಅಂದರೆ ಮೂಳೆಗಳನ್ನು ಹಿಡಿದಿಟ್ಟ ನಾರು ಹಿಗ್ಗಿದ್ದು, ಕೆಲವು ಸಲ ಹರಿದದ್ದು. ಮೊದಲ ಎರಡು ಮೂರು ದಿನ ಎಣ್ಣೆ ಹಚ್ಚಿ ನೀವುವುದು, ಬಿಸಿ ಶಾಖ ಕೊಡುವುದು ಬೇಡ, ಊತ ಹೆಚ್ಚಬಹುದು. ಬಟ್ಟೆಯಲ್ಲಿ ಸುತ್ತಿದ ಐಸನ್ನು 15 ನಿಮಿಷ ಇಡಿ. ಆ ಕಾಲೂರಿ ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ, ಅಥವಾ ಪಾದದ ಕೀಲಿನ ಮೂಳೆ ಒತ್ತಿದಾಗ ನೋವಾದರೆ, ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ಮಾಡಿಸಿ.

ಕಟ್ಟುವಾಗ ಪಾದ ನೇರ ಮೇಲಕ್ಕಿರಲಿ. ಬೆರಳಿನ ಬುಡದಿಂದ ಸುರು ಮಾಡಿ, ಬೆರಳ ತುದಿ ಕಾಣಿಸುವಂತೆ ಬಿಟ್ಟು, ಎಂಟರ ಆಕಾರದಲ್ಲಿ ಸುತ್ತುತ್ತಾ ಮೇಲೆ ಹೋಗಿ. (ಇಂಗ್ಲಿಷಿನ ಎಂಟು, ಕನ್ನಡದ್ದಲ್ಲ!) ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧ ಮುಚ್ಚಲಿ. ಆಮೇಲೆ ಹೆಬ್ಬೆರಳಿನ ಉಗುರು ಒತ್ತಿ ಬಿಡಿ. ಬೆಳ್ಳಗಾದದ್ದು ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ಆಗದಿದ್ದರೆ ಬಿಗಿ ಹೆಚ್ಚಾಗಿದೆ, ಬಿಚ್ಚಿ ಮತ್ತೆ ಕಟ್ಟಿ. ಮಲಗುವಾಗ ತೆಗೆದುಬಿಡಿ.

ಟಿ.ವಿ.ಯಲ್ಲಿ ಆಟಗಾರರ ಮೈಮೇಲೆ ಬಣ್ಣದ ಅಂಟುಪಟ್ಟಿ ನೋಡಿರುತ್ತೀರಿ. ಅದನ್ನು 1970ರ ದಶಕದಲ್ಲಿ ಜಪಾನಿನ ಕೆಂಜೊ ಕಾಸೆ ಎನ್ನುವವರು ತಂದರು. 2008ರ ಬೀಜಿಂಗ್ ಒಲಿಂಪಿಕ್ಸ್‌ನಿಂದ ಎಲ್ಲರ ಕಣ್ಣಿಗೆ ಬಿತ್ತು. ಹೆಸರು ಬಂದಷ್ಟು ಗುಣ ಇದೆ ಅಂತ ಸಂಶೋಧನೆಗಳಲ್ಲಿ ಕಂಡಿಲ್ಲ. ಕೀಲು ಮತ್ತೆ ಹೊರಳದಂತೆ ತಡೆಯುವುದು ಎಳೆಯಲು ಬಾರದ ಬಿಳಿ ಪಟ್ಟಿ. ಅದೂ ಆಟದ ನಡುವೆ ಸಡಿಲವಾಗುತ್ತದೆ. ಅದನ್ನು ಫಿಸಿಯೋಥೆರಪಿಸ್ಟರೇ ಹಾಕಲಿ, ನೋಡಿ ಕಲಿಯಿರಿ. ಚರ್ಮ ತುರಿಸಿದರೆ ತೆಗೆಯಿರಿ.

ಮೊನ್ನೆ ಒಬ್ಬ ತಾಯಿ ಬಂದು, "ಸಿಸ್ಟರ್, ಮಗಳಿಗೆ ತಾಲ್ಲೂಕು ಕಬಡ್ಡಿ ಇದೆ, ಪಟ್ಟಿ ಸುತ್ತಿ ಕಳಿಸಲಾ?" ಅಂದರು. ಉಳುಕಿ ಐದೇ ದಿನ ಆಗಿತ್ತು. ಕುಂಟುತ್ತಿದ್ದಳು. ಬೇಡ ಅಂದೆವು, ಹುಡುಗಿ ಅತ್ತಳು. ಅಪ್ಪನಂತೂ "ಇನ್ನು ಆಟವೇ ಬೇಡ" ಅಂದರು. ಅದೂ ಸರಿಯಲ್ಲ. ದಿನಾ ಹಲ್ಲುಜ್ಜುವಾಗ ಅದೇ ಕಾಲ ಮೇಲೆ ನಿಂತು ಅಭ್ಯಾಸ ಮಾಡಲಿ. ನೋವಿಲ್ಲದೆ ಕುಂಟಾಟ ಆಡಿ, ಓಡಿ, ತಿರುಗಲು ಬಂದ ಮೇಲೆ ಪಟ್ಟಿ ಹಾಕಿಕೊಂಡು ಅಂಗಳಕ್ಕಿಳಿಯಲಿ. ಮುಂದಿನ ಕೆಲವು ತಿಂಗಳು ಆಡುವಾಗ ಪಟ್ಟಿ ಇದ್ದರೆ ಮತ್ತೆ ಉಳುಕುವುದು ಕಡಿಮೆ.

ಈಗ ಇಬ್ಬಿಬ್ಬರು ಕೂತು ಒಬ್ಬರ ಕಾಲಿಗೆ ಒಬ್ಬರು ಕಟ್ಟಿ ನೋಡಿ. ಬ್ಯಾಂಡೇಜು ಎರಡೇ ಇದೆ, ಸರದಿ ಕಾಯಿರಿ.